ಮೈ, ದನಿ, ನೆಲೆ

(ಸಂಘದ ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣ)



ಗಡಿಯ ಊರಿನಲ್ಲಿ ಕನ್ನಡ ಸಂಘದ ಉತ್ಸವವೆಂದರೆ ಭಾಷೆಯ ಮಾತೇ ಮೊದಲು ಬರುವದು ಸಹಜ. ಶಾಲೆ, ಪುಸ್ತಕ, ಅರ್ಜಿ, ಫಲಕ, ಇವು ನಮ್ಮ ನಿತ್ಯದ ಚಿಂತೆಗಳು. ಅವುಗಳ ಮಹತ್ವವನ್ನು ಅಲ್ಲಗಳೆಯುವ ಮನಸ್ಸು ನನಗಿಲ್ಲ. ಆದರೆ ಇಂದು ಬೇರೊಂದು ವಿಷಯವನ್ನು ತಮ್ಮ ಅವಗಾಹನೆಗೆ ತರಬೇಕೆಂದಿದ್ದೇನೆ. ಅಕ್ಷರದಲ್ಲಿ ಹಿಡಿಯಲು ಬಾರದೆ, ಮನುಷ್ಯನ ಮೈಯಲ್ಲಿ, ದನಿಯಲ್ಲಿ, ಅವನು ನಿಂತು ಆಡುವ ನೆಲೆಯಲ್ಲಿ ಬದುಕುವ ಕಲೆಯ ವಿಷಯವದು. ಅದನ್ನು ಕುರಿತು ಮಾತನಾಡಲು ಸಾಂಗಲಿಗಿಂತ ತಕ್ಕ ಊರು ದೊರೆಯುವದು ಕಷ್ಟ.

ಮರಾಠಿ ಜನರು ಸಾಂಗಲಿಯನ್ನು ‘ನಾಟ್ಯಪಂಢರಿ’ ಎಂದು ಕರೆಯುತ್ತಾರೆ. ವಾರಕರಿಗಳಿಗೆ ಪಂಢರಪುರ ಹೇಗೋ ನಾಟಕಪ್ರಿಯರಿಗೆ ಸಾಂಗಲಿ ಹಾಗೆ ಎಂಬ ಅಭಿಮಾನ ಆ ಹೆಸರಿನಲ್ಲಿದೆ. ೧೮೪೩ನೆಯ ಇಸವಿಯ ನವೆಂಬರ ೫ರಂದು ಇಲ್ಲಿಯ ಅರಸರ ಎದುರಿನಲ್ಲಿ ವಿಷ್ಣುದಾಸ ಭಾವೆಯವರು ‘ಸೀತಾಸ್ವಯಂವರ’ವನ್ನು ಆಡಿಸಿದರು. ಆ ದಿನವನ್ನೇ ಮಹಾರಾಷ್ಟ್ರವು ಇಂದಿಗೂ ರಂಗಭೂಮಿ ದಿನವೆಂದು ಆಚರಿಸುತ್ತದೆ; ಭಾವೆಯವರ ಹೆಸರಿನ ಗೌರವಪದಕವನ್ನು ಆ ದಿನ ಸಾಂಗಲಿಯಲ್ಲಿಯೇ ಕೊಡುವದು ವಾಡಿಕೆ. ‘ಶಾರದಾ’ ನಾಟಕದ ಕರ್ತೃಗಳಾದ ಗೋವಿಂದ ಬಲ್ಲಾಳ ದೇವಲರು ಹುಟ್ಟಿದ ಹರಿಪುರವು ಇಲ್ಲಿಂದ ಕೂಗಳತೆಯಲ್ಲಿದೆ. ಕೃಷ್ಣಾಜಿ ಪ್ರಭಾಕರ ಖಾಡಿಲಕರರಂತೂ ಈ ಊರಿನವರೇ.

ಈ ಕಥೆಯ ಮುನ್ನುಡಿ ಕನ್ನಡದಲ್ಲಿದೆ. ‘ಸೀತಾಸ್ವಯಂವರ’ಕ್ಕೆ ಒಂದು ವರ್ಷ ಮೊದಲು, ೧೮೪೨ರಲ್ಲಿ, ಕರ್ನಾಟಕದ ಭಾಗವತರ ಮೇಳವೊಂದು ಸಾಂಗಲಿಗೆ ಬಂದು ಸಂಸ್ಥಾನಿಕರಾದ ಚಿಂತಾಮಣರಾವ ಅಪ್ಪಾಸಾಹೇಬ ಪಟವರ್ಧನರ ಮುಂದೆ ಆಟವಾಡಿತು. ಆ ಮೇಳ ಹೊನ್ನಾವರದ ಹತ್ತಿರದ ಕರ್ಕಿಯದೆಂದು ಪರಂಪರೆ ಹೇಳುತ್ತ ಬಂದಿದೆ. ಆಟವೇನೋ ಅರಸರ ಮನಸ್ಸನ್ನು ಸೆಳೆಯಿತು. ಆದರೆ ಅದರ ಅಬ್ಬರ, ರಾಕ್ಷಸವೇಷಗಳ ಕುಣಿತ, ಕೂಗಾಟ ಅವರಿಗೆ ಒರಟೆನಿಸಿದವು. ಇದನ್ನೇ ತಿದ್ದಿ ತೀಡಿ ಮರಾಠಿಯಲ್ಲಿ ಆಡಿಸಬೇಕೆಂದು ತಮ್ಮ ಆಶ್ರಯದಲ್ಲಿದ್ದ ತರುಣ ವಿಷ್ಣು ಅಮೃತ ಭಾವೆಯವರಿಗೆ ಅವರು ಅಪ್ಪಣೆಕೊಟ್ಟರು. ಮರಾಠಿ ರಂಗಭೂಮಿಯ ಇತಿಹಾಸಕಾರರು ಈ ಸಂಗತಿಯನ್ನು ಎಂದೂ ಮುಚ್ಚಿಟ್ಟಿಲ್ಲವೆಂಬುದನ್ನು ನಾವು ಕೃತಜ್ಞತೆಯಿಂದ ನೆನೆಯಬೇಕು.

ಕರಾವಳಿಯ ಕನ್ನಡ ಮೇಳವು ಕೃಷ್ಣಾತೀರದ ಮರಾಠಿ ಅರಸರ ಮುಂದೆ ಆಡಿದ್ದು ಇಂದಿನ ಭೂಪಟವನ್ನು ನೋಡುವವರಿಗೆ ವಿಚಿತ್ರವಾಗಿ ಕಂಡೀತು. ಆಗಿನ ಸಾಂಗಲಿ ಸಂಸ್ಥಾನದ ಭೂಪಟವನ್ನು ಬಿಡಿಸಿದರೆ ಆ ವಿಚಿತ್ರವು ಕರಗುತ್ತದೆ. ಮಿರಜ ಪ್ರಾಂತ, ಕುಚಿ, ಮಂಗಳವೇಢೆಗಳ ಜೊತೆಗೆ ತೇರದಾಳ, ಶಹಾಪುರ, ಶಿರಹಟ್ಟಿಗಳೂ ಅದರ ತಾಲೂಕುಗಳಾಗಿದ್ದವು. ತೇರದಾಳವು ಇಂದು ಬಾಗಲಕೋಟೆ ಜಿಲ್ಲೆಯಲ್ಲಿದೆ. ಶಹಾಪುರವು ಬೆಳಗಾವಿ ನಗರದ ಭಾಗ. ಶಿರಹಟ್ಟಿ ಗದಗ ಜಿಲ್ಲೆಗೆ ಸೇರಿದ್ದು. ಮಿರಜದ ಹಿರಿಯ ಪಟವರ್ಧನ ಸಂಸ್ಥಾನಕ್ಕೂ ಲಕ್ಷ್ಮೇಶ್ವರವು ಸೇರಿತ್ತು. ೧೯೪೮ರಲ್ಲಿ ಸಂಸ್ಥಾನಗಳು ವಿಲೀನವಾಗುವವರೆಗೆ ಒಂದೇ ಕಚೇರಿಯ ಅಂಗಳದಲ್ಲಿ ಕನ್ನಡದ ರೈತನೂ ಮರಾಠಿಯ ರೈತನೂ ನಿಲ್ಲುತ್ತಿದ್ದರು. ಅಂಥ ನೆಲದಲ್ಲಿ ಆಟವು ಒಂದು ಮಾತಿನಿಂದ ಇನ್ನೊಂದು ಮಾತಿಗೆ ದಾಟಿದ್ದು ಆಶ್ಚರ್ಯವೇನೂ ಅಲ್ಲ.

ಇಲ್ಲಿ ಒಂದು ಎಚ್ಚರಿಕೆಯ ಮಾತನ್ನು ಹೇಳಬೇಕು. ಮರಾಠಿ ರಂಗಭೂಮಿಯನ್ನು ನಾವು ಹೆತ್ತೆವೆಂದು ನಮ್ಮ ಸಭೆಗಳಲ್ಲಿ ಕೆಲವರು ಎದೆತಟ್ಟಿ ಹೇಳುವದುಂಟು. ಸಾಲ ಕೊಟ್ಟ ಸಾಹುಕಾರನು ಬಾಕಿಯ ವಹಿ ತೆರೆದಂತೆ ಈ ಮಾತು ಕೇಳಿಸುತ್ತದೆ. ಕೀರ್ತನ, ಲಳಿತ, ದಶಾವತಾರ, ತಮಾಶಾಗಳು ಮರಾಠಿ ಜನರ ಸ್ವಂತ ಆಸ್ತಿ. ಸಾಂಗಲಿಗಿಂತ ಬಹು ಮೊದಲು ತಂಜಾವೂರಿನ ಮರಾಠಾ ಅರಸ ಶಹಾಜಿಯ (೧೬೮೪–೧೭೧೨) ಆಸ್ಥಾನದಲ್ಲಿ ಮರಾಠಿಯ ನಾಟಕಗಳು ಹುಟ್ಟಿದ್ದವು. ಕಂಡದ್ದನ್ನು ತನ್ನ ಜನರ ರುಚಿಗೆ ಹೊಂದಿಸಿ, ಹೊಸ ಪದಗಳನ್ನು ಕಟ್ಟಿ, ನಟರನ್ನು ತರಬೇತುಗೊಳಿಸಿ ನಿಲ್ಲಿಸಿದ ಶ್ರಮವೆಲ್ಲ ಭಾವೆಯವರದು. ಆದಕಾರಣ ನಾವು ಕೇಳಬೇಕಾದ ಪ್ರಶ್ನೆ ಬೇರೆ: ಆ ಮೇಳದಿಂದ ಸಾಂಗಲಿಗೆ ದಾಟಿದ್ದು ಯಾವುದು?

ಮಾತು ದಾಟಲಿಲ್ಲ. ಕನ್ನಡದ ಪದವೊಂದೂ ‘ಸೀತಾಸ್ವಯಂವರ’ದಲ್ಲಿ ಹಾಡಾಗಬೇಕಾದ ಕಾರಣವಿರಲಿಲ್ಲ. ಕಥೆಯನ್ನೂ ಸಾಲ ತರಬೇಕಾಗಿರಲಿಲ್ಲ. ರಾಮಾಯಣವು ಎರಡೂ ಮನೆಯ ಸೊತ್ತು. ದಾಟಿದ್ದು ಆಟದ ಕಟ್ಟು. ಬಯಲಿನಲ್ಲಿ ನಾಲ್ಕು ಕಂಬ ನೆಟ್ಟು ಮಾವಿನ ತಳಿರು ಕಟ್ಟಿದ ರಂಗಸ್ಥಳ, ಇಬ್ಬರು ಕೈಯಲ್ಲಿ ಹಿಡಿದು ನಿಲ್ಲುವ ತೆರೆ, ತಾಳ ಹಿಡಿದು ಪದ ಹೇಳುವ ಭಾಗವತ, ಮದ್ದಳೆ, ಚಂಡೆ, ಪದಕ್ಕೆ ಮೈಯಿಂದ ಅರ್ಥ ಕೊಟ್ಟು ಆಮೇಲೆ ಬಾಯಿಂದ ಆಶುವಾಗಿ ಮಾತಾಡುವ ವೇಷಧಾರಿ, ನಡುನಡುವೆ ನಗಿಸುವ ಹಾಸ್ಯಗಾರ. ಇನ್ನು ಭಾವೆಯವರ ಆಟವನ್ನು ನೋಡಿರಿ. ಆರಂಭದಲ್ಲಿ ಗಣಪತಿ ಬರುವನು, ನವಿಲನ್ನೇರಿ ಸರಸ್ವತಿ ಬರುವಳು. ಸೂತ್ರಧಾರನು ಹಿಮ್ಮೇಳದವರೊಡನೆ ನಿಂತು ಕಥೆಯನ್ನು ಪದಗಳಲ್ಲಿ ಹಾಡುವನು. ಪಾತ್ರಗಳು ಅದಕ್ಕೆ ತಕ್ಕಂತೆ ಅಭಿನಯಿಸಿ, ಬರೆದಿಡದ ಮಾತುಗಳನ್ನು ಸಮಯಕ್ಕೆ ಸರಿಯಾಗಿ ಆಡುವವು. ವಿದೂಷಕನು ನಗಿಸುವನು. ೧೮೮೫ರಲ್ಲಿ ಭಾವೆಯವರು ಅಚ್ಚುಹಾಕಿಸಿದ ಪುಸ್ತಕದ ಹೆಸರೇ ‘ನಾಟ್ಯಕವಿತಾಸಂಗ್ರಹ’. ನಮ್ಮ ಪ್ರಸಂಗದ ಪುಸ್ತಕಗಳಂತೆ ಅಲ್ಲಿಯೂ ಪದ್ಯವೇ ಪ್ರಧಾನ.

ಇದರಲ್ಲಿ ಒಂದು ಸ್ವಾರಸ್ಯದ ಸಂಗತಿಯಿದೆ. ರಾಕ್ಷಸರ ಕೂಗಾಟ ಬೇಡವೆಂದು ಅರಸರು ಹೇಳಿದ್ದರಷ್ಟೆ? ಆದರೆ ಆ ಮುಂದಿನ ಕಾಲದ ಪೌರಾಣಿಕ ನಾಟಕಗಳಿಗೆ ಮರಾಠಿಯ ರಸಿಕರು ಇಟ್ಟ ಕುಚೇಷ್ಟೆಯ ಹೆಸರು ‘ಅಲಲ ಡುರ್ರ್’ ನಾಟಕಗಳೆಂದು. ಅದು ರಾಕ್ಷಸಪಾತ್ರವು ರಂಗಕ್ಕೆ ನುಗ್ಗುವಾಗ ಹಾಕುತ್ತಿದ್ದ ಕೂಗು! ಮದ್ದಳೆಯ ನುಡಿಯನ್ನು ಅಣಕಿಸಿ ‘ತಾಗಡಥೋಮ್’ ನಾಟಕಗಳೆಂದೂ ಕರೆಯುತ್ತಿದ್ದರು. ಅರಸರ ಅಪ್ಪಣೆಯು ಕಟ್ಟಲಾರದ್ದನ್ನು ನಟನ ಗಂಟಲು ದಾಟಿಸಿತು. ರಾಕ್ಷಸನು ಬಂದನೆಂದರೆ ಸಭೆಯಲ್ಲಿಯ ಮಗು ತಾಯಿಯ ಸೆರಗನ್ನು ಹಿಡಿಯಬೇಕು. ಹಾಗೆ ಹಿಡಿಸಲು ಅರ್ಥವುಳ್ಳ ಮಾತು ಸಾಲದು, ಅರ್ಥವಿಲ್ಲದ ಕೂಗೇ ಬೇಕು. ಭಾಷೆಯ ಗಡಿಯ ಕೆಳಗೆ ಹರಿಯುವ ಒರತೆಯೊಂದಿದೆಯೆಂಬುದಕ್ಕೆ ಇದಕ್ಕಿಂತ ಚೆನ್ನಾದ ನಿದರ್ಶನವನ್ನು ನಾನು ಕಾಣೆ.

ಭರತಮುನಿಯು ಅಭಿನಯವನ್ನು ಆಂಗಿಕ, ವಾಚಿಕ, ಆಹಾರ್ಯ, ಸಾತ್ವಿಕವೆಂದು ನಾಲ್ಕಾಗಿ ವಿಂಗಡಿಸುವಾಗ ಆಂಗಿಕವನ್ನು ಮೊದಲು ಹೆಸರಿಸಿದನು. ಪಶ್ಚಿಮ ದೇಶಗಳಲ್ಲಿ ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಈ ವಿಚಾರವು ಹೊಸದಾಗಿ ಚಿಗುರಿತು. ಪೋಲೆಂಡಿನ ಗ್ರೊಟೊವ್‌ಸ್ಕಿಯವರು ಪರದೆ, ದೀಪ, ಬಣ್ಣಗಳನ್ನೆಲ್ಲ ಕಳೆದರೂ ನಟ ಮತ್ತು ನೋಡುವವನು ಇದ್ದರೆ ನಾಟಕವಿದೆಯೆಂದು ವಾದಿಸಿದರು. ಇಂಗ್ಲಂಡಿನ ಪೀಟರ್ ಬ್ರೂಕರು ೧೯೬೮ರಲ್ಲಿ ಬರೆದ ಗ್ರಂಥಕ್ಕೆ ಬರಿದಾದ ಜಾಗವೆಂದೇ ಹೆಸರು. ಇತ್ತೀಚಿನ ಕಲಾವಿದರು ಚಿತ್ರಪಟವನ್ನು ಬಿಟ್ಟು ತಮ್ಮ ಮೈಯನ್ನೇ, ಉಸಿರನ್ನೇ, ತಾವು ನಿಂತ ಕೋಣೆಯನ್ನೇ ಕೃತಿಯಾಗಿಸಿ ಜನರೆದುರು ನಿಲ್ಲುತ್ತಾರೆ. ಅದು ಅವರಿಗೆ ಹೊಸ ಶೋಧ. ನಮ್ಮ ಬಯಲಾಟದವನಿಗೆ ಅದು ಸುಗ್ಗಿಯ ನಂತರದ ಕೆಲಸ. ಅವನಿಗೆ ಶಾಸ್ತ್ರದ ಹೆಸರು ಗೊತ್ತಿಲ್ಲದಿದ್ದರೂ ಕಾಲಿಗೆ ಗೊತ್ತಿತ್ತು.

ಮೊದಲು ದನಿಯ ವಿಷಯ. ಯಕ್ಷಗಾನದಲ್ಲಿಯೂ ಭಾವೆಯವರ ನಾಟಕದಲ್ಲಿಯೂ ಹಾಡುವವನು ಒಬ್ಬ, ಅಭಿನಯಿಸುವವನು ಇನ್ನೊಬ್ಬ. ದನಿ ಒಂದು ಕಡೆ, ಮೈ ಒಂದು ಕಡೆ; ಅವೆರಡೂ ನೋಡುವವನ ಮನದಲ್ಲಿ ಕೂಡುತ್ತಿದ್ದವು. ೧೮೮೦ರಲ್ಲಿ ಪುಣೆಯಲ್ಲಿ ಅಣ್ಣಾಸಾಹೇಬ ಕಿರ್ಲೋಸ್ಕರರು ‘ಶಾಕುಂತಲ’ವನ್ನು ಸಂಗೀತನಾಟಕವಾಗಿ ಆಡಿಸಿದಾಗ ಈ ಕಟ್ಟು ಬದಲಾಯಿತು. ಪದ ಹೇಳುವ ಹೊಣೆ ಸೂತ್ರಧಾರನ ಬಾಯಿಂದ ಇಳಿದು ಪಾತ್ರಗಳ ಬಾಯಿಗೆ ಬಂದಿತು. ಶಕುಂತಲೆಯೇ ಹಾಡಿದಳು, ದುಷ್ಯಂತನೇ ಹಾಡಿದನು. ಈ ಕಿರ್ಲೋಸ್ಕರರು ಹುಟ್ಟಿದ್ದು ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ. ಹುಟ್ಟಿದ ವರ್ಷವೂ ೧೮೪೩. ಸಾಂಗಲಿಯಲ್ಲಿ ‘ಸೀತಾಸ್ವಯಂವರ’ವು ನಡೆದ ವರ್ಷವೇ ಕನ್ನಡದ ನೆಲದಲ್ಲಿ ಅದನ್ನು ಮುಂದಕ್ಕೆ ಒಯ್ಯುವ ಕೂಸು ಕಣ್ಣುತೆರೆದಿತ್ತು.

ದನಿಯ ಮಾತಿಗೆ ಮಿರಜವನ್ನು ಬಿಡಲಾಗದು. ಆಯುಧಗಳಿಗೆ ಸಾಣೆ ಹಿಡಿಯುತ್ತಿದ್ದ ಶಿಕಲಗಾರರ ಮನೆತನವು ಹತ್ತೊಂಬತ್ತನೆಯ ಶತಮಾನದಲ್ಲಿ ಇಲ್ಲಿ ತಂಬೂರಿ, ಸಿತಾರಗಳನ್ನು ಮಾಡಲು ತೊಡಗಿತು. ಪಂಢರಪುರ, ಮಂಗಳವೇಢೆಗಳ ಕಡೆಯ ಸೋರೆಬುರುಡೆ ಇಲ್ಲಿಗೆ ಬಂದು ನಾದದ ಹೊಟ್ಟೆಯಾಗುತ್ತದೆ. ೨೦೨೪ರಲ್ಲಿ ಮಿರಜದ ಸಿತಾರ, ತಂಬೂರಿಗಳಿಗೆ ಭೌಗೋಲಿಕ ಸೂಚಕದ ಮನ್ನಣೆ ದೊರೆಯಿತು. ಕಿರಾಣಾ ಘರಾಣೆಯ ಅಬ್ದುಲ್ ಕರೀಮ ಖಾನರು ಈ ಊರನ್ನು ಮನೆಮಾಡಿಕೊಂಡರು. ೧೯೩೭ರಲ್ಲಿ ತೀರಿಕೊಂಡಾಗ ಮೀರಾಸಾಹೇಬರ ದರ್ಗಾದ ಆವರಣದಲ್ಲಿಯೇ ಅವರಿಗೆ ಮಣ್ಣಾಯಿತು. ಅವರ ಶಿಷ್ಯರು ಕುಂದಗೋಳದ ಸವಾಯಿ ಗಂಧರ್ವರು. ಸವಾಯಿ ಗಂಧರ್ವರ ಶಿಷ್ಯರು ಗಂಗೂಬಾಯಿ ಹಾನಗಲ್ಲರು, ಭೀಮಸೇನ ಜೋಶಿಯವರು. ವಾಮನರಾವ ಮಾಸ್ತರರ ನಾಟಕ ಕಂಪನಿಯಲ್ಲಿ ಹಾಡುತ್ತಿದ್ದ ಬಾಲಕ ಮಲ್ಲಿಕಾರ್ಜುನ ಮನಸೂರರು ಮಿರಜದ ನೀಲಕಂಠಬುವಾ ಅಲೂರಮಠರಲ್ಲಿ ಗ್ವಾಲೇರಿಯ ಗಾಯನವನ್ನು ಕಲಿತರು. ಅದೇ ಗುರುಗಳಲ್ಲಿ ಪಂಚಾಕ್ಷರಿ ಗವಾಯಿಗಳೂ ಅಭ್ಯಾಸ ಮಾಡಿದರು. ಗಂಗೂಬಾಯಿಯವರ ಕಂಠ ಹೆಣ್ಣಿನದೋ ಗಂಡಿನದೋ ಎಂದು ಕೇಳುವವರು ಬೆರಗಾಗುತ್ತಿದ್ದರು. ಅದು ಹಿಂದೂಸ್ತಾನಿಯದೋ ಕನ್ನಡದ್ದೋ ಮರಾಠಿಯದೋ ಎಂದು ಮಾತ್ರ ಯಾರೂ ಕೇಳಲಿಲ್ಲ.

ಇನ್ನು ಮೈಯ ವಿಷಯ. ೧೯೦೫ರಲ್ಲಿ ಇದೇ ಮಿರಜದಲ್ಲಿ ಕಿರ್ಲೋಸ್ಕರ ಮಂಡಳಿಯ ‘ಶಾಕುಂತಲ’ದಲ್ಲಿ ಹದಿಹರೆಯದ ನಾರಾಯಣರಾವ ರಾಜಹಂಸರು ಶಕುಂತಲೆಯಾಗಿ ಮೊದಲ ಬಾರಿ ರಂಗಕ್ಕೆ ಬಂದರು. ಅವರೇ ಬಾಲಗಂಧರ್ವರು, ಅವರ ಹೆಸರಿನ ನಾಟ್ಯಗೃಹ ಇಂದು ಮಿರಜದಲ್ಲಿದೆ. ಅವರು ಸೀರೆಯುಟ್ಟ ರೀತಿಯನ್ನು, ಮಲ್ಲಿಗೆ ಮುಡಿದ ಬಗೆಯನ್ನು ಕುಲೀನ ಮನೆತನಗಳ ಹೆಣ್ಣುಮಕ್ಕಳು ಅನುಸರಿಸಿದರೆಂಬುದು ಜನಜನಿತ. ಗಂಡುಮೈಯೊಂದು ಹೆಣ್ಣಿನ ನಡೆಯನ್ನು ಕಲಿತು, ಆ ನಡೆಯನ್ನು ಮತ್ತೆ ಹೆಣ್ಣುಮಕ್ಕಳಿಗೆ ಕಲಿಸಿತು! ಆದರೆ ಇದರ ಇನ್ನೊಂದು ಮುಖವನ್ನೂ ಮರೆಯಬಾರದು. ಭಾಗವತರ ಮೇಳದಲ್ಲಿಯೂ ಭಾವೆಯವರ ಮಂಡಳಿಯಲ್ಲಿಯೂ ಹೆಣ್ಣಿಗೆ ಸ್ಥಳವಿರಲಿಲ್ಲ. ನಮ್ಮ ಶ್ರೀಕೃಷ್ಣ ಪಾರಿಜಾತದಲ್ಲಿ ಕೌಜಲಗಿ ನಿಂಗಮ್ಮನವರು ಗೆಜ್ಜೆ ಕಟ್ಟಿ ನಿಂತು ಆ ಬಾಗಿಲನ್ನು ತೆರೆದದ್ದು ಯಾವ ಕ್ರಾಂತಿಗೂ ಕಡಿಮೆಯಾದುದಲ್ಲ.

ಮೂರನೆಯದು ನೆಲೆ. ಬಯಲಿನಲ್ಲಿ ಮೂರು ಕಡೆಗೆ ಜನ. ಪ್ರತಿಯೊಬ್ಬರಿಗೂ ಕಾಣಬೇಕಾದರೆ ವೇಷವು ತಿರುಗುತ್ತಲೇ ಇರಬೇಕು, ಕಡೆಯವನಿಗೂ ಕೇಳಬೇಕಾದರೆ ಎದೆಯಿಂದ ಕೂಗಬೇಕು. ಅರಸರ ಸಭೆಯೊಳಗೆ ಬಂದಾಗ ಆ ಕೂಗು ಒರಟೆನಿಸಿದ್ದು ಸಹಜವೇ ಸರಿ, ನೆಲೆ ಬದಲಾಗಿತ್ತು. ೧೮೫೧ರಲ್ಲಿ ಚಿಂತಾಮಣರಾವರು ತೀರಿಕೊಂಡ ಬಳಿಕ ಭಾವೆಯವರು ಮಂಡಳಿಯನ್ನು ಕಟ್ಟಿಕೊಂಡು ಊರೂರು ತಿರುಗಬೇಕಾಯಿತು. ೧೮೫೩ರಲ್ಲಿ ಮುಂಬಯಿಯ ಗ್ರಾಂಟ್ ರೋಡ್ ಥಿಯೇಟರಿನಲ್ಲಿ ಅವರ ಆಟ ನಡೆದಾಗ ಜನರು ಮೂರು ಕಡೆಯಿಂದ ಸರಿದು ಒಂದೇ ಕಡೆಗೆ ಕುಳಿತರು; ಚೌಕಟ್ಟಿನೊಳಗಿನ ಚಿತ್ರದಂತೆ ಆಟವನ್ನು ನೋಡಿದರು, ಟಿಕೀಟು ಕೊಂಡು ನೋಡಿದರು. ಮುಂದೆ ಧ್ವನಿವರ್ಧಕ ಬಂದಿತು. ಅದರಿಂದ ಉಪಕಾರವಾದದ್ದು ನಿಜ. ಆದರೆ ರಂಗದ ನಡುವೆ ಅದನ್ನು ತೂಗುಬಿಟ್ಟಾಗ ಏನಾಗುವದೆಂಬುದನ್ನು ತಾವೆಲ್ಲರೂ ಕಂಡಿದ್ದೀರಿ. ಭೀಮನೂ ದುರ್ಯೋಧನನೂ ಕುಣಿಯುವದನ್ನು ಬಿಟ್ಟು, ಒಂದೇ ಬಾವಿಗೆ ನೀರಿಗೆ ಬಂದ ನೆರೆಹೊರೆಯವರಂತೆ ಅದರ ಕೆಳಗೆ ಗುಂಪಾಗಿ ನಿಲ್ಲುತ್ತಾರೆ. ದನಿ ದೊಡ್ಡದಾಯಿತು, ಮೈ ಕಟ್ಟಿಬಿದ್ದಿತು.

ಹೋದದ್ದು ತಿರುಗಿ ಬಂದಿದೆಯೆಂಬುದನ್ನೂ ಹೇಳಬೇಕು. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಮರಾಠಿ ನಾಟಕಗಳು ಧಾರವಾಡ, ಹುಬ್ಬಳ್ಳಿ, ಗದಗಗಳ ಜನರನ್ನು ಮರುಳುಮಾಡಿದವು. ಅದನ್ನು ಕಂಡ ಸಕ್ಕರಿ ಬಾಳಾಚಾರ್ಯ ಶಾಂತಕವಿಗಳು ೧೮೭೦ರ ದಶಕದಲ್ಲಿ ಗದಗಿನಲ್ಲಿ ಕೃತಪುರ ನಾಟಕ ಮಂಡಳಿಯನ್ನು ಕಟ್ಟಿ ಕನ್ನಡದಲ್ಲಿ ನಾಟಕಗಳನ್ನು ಬರೆದು ಆಡಿಸಿದರು. ಮರಾಠಿ ನಾಟಕವನ್ನು ನಿಲ್ಲಿಸಿರೆಂದು ಅವರು ಅರ್ಜಿ ಬರೆಯುತ್ತ ಕೂಡಲಿಲ್ಲ. ತಮ್ಮ ಜನರ ಕಾಲಿಗೆ ರಂಗವನ್ನು ಒದಗಿಸಿಕೊಟ್ಟರು. ಗಡಿಯಲ್ಲಿರುವ ನಮಗೆ ಇದೊಂದು ಪಾಠ.

ಈಗ ನಮ್ಮ ಅಂಗಳಕ್ಕೆ ಬರೋಣ. ಇದೇ ಸಾಂಗಲಿ ಜಿಲ್ಲೆಯ ಜತ್ತ ತಾಲೂಕಿನಲ್ಲಿ ಉಮದಿ, ಸಂಖ ಮೊದಲಾದ ಕಡೆ ಕನ್ನಡವೇ ಮನೆಮಾತು, ಕನ್ನಡ ಶಾಲೆಗಳಿವೆ. ಅಲ್ಲಿಂದ ಅಥಣಿ, ಜಮಖಂಡಿ, ವಿಜಯಪುರಗಳವರೆಗಿನ ನೆಲವೆಲ್ಲ ಬಯಲಾಟದ ನೆಲ. ದೊಡ್ಡಾಟದ ತಾಲೀಮೆಂದರೆ ಒಂದೆರಡು ದಿನದ ಕೆಲಸವಲ್ಲ. ಹೊಲದ ಕೆಲಸ ಮುಗಿಸಿ ರಾತ್ರಿ ಕೂಡಿ, ಆಟದ ಮಾಸ್ತರನು ತಾಳ ಹಾಕಿದಂತೆ ತಿಂಗಳುಗಟ್ಟಲೆ ಹೆಜ್ಜೆ ಕಲಿಯಬೇಕು. ಕಿರೀಟ, ಭುಜಕೀರ್ತಿಗಳ ಭಾರವನ್ನು ಹೊತ್ತು ಅಟ್ಟದ ಹಲಗೆ ನಡುಗುವಂತೆ ಕುಣಿದು, ಅದೇ ಉಸಿರಿನಲ್ಲಿ ‘ಸಾರಥಿ’ಯ ಪ್ರಶ್ನೆಗೆ ತಾನು ಯಾರೆಂದು ಸಾರಿ ಹೇಳಬೇಕು. ಆ ಉಸಿರನ್ನು ಉಳಿಸಿಕೊಳ್ಳುವ ಗುಟ್ಟು ಯಾವ ಪುಸ್ತಕದಲ್ಲಿಯೂ ಇಲ್ಲ. ಅದಿರುವದು ಮಾಸ್ತರನ ಎದೆಯಲ್ಲಿ. ಪುಸ್ತಕ ಸುಟ್ಟರೆ ಇನ್ನೊಂದು ಪ್ರತಿ ದೊರಕೀತು. ಮಾಸ್ತರನು ಶಿಷ್ಯರಿಲ್ಲದೆ ತೀರಿಕೊಂಡರೆ, ಅವನ ಹೆಜ್ಜೆ ಅವನೊಡನೆಯೇ ಮಣ್ಣುಗೂಡುತ್ತದೆ.

ಮಹನೀಯರೆ, ಇಲ್ಲಿಯೇ ನಮ್ಮ ಹಾನಿಯಿರುವದು. ೧೮೪೨ರ ಮೇಳವು ಸಾಂಗಲಿಗೆ ಬಂದುದನ್ನು ಪ್ರತಿವರ್ಷ ನಾವು ಹೊಗಳುತ್ತೇವೆ. ಆ ಮೇಳದ ಸೋದರರಾದ ನಮ್ಮ ಹಳ್ಳಿಯ ಆಟದವರು ಮಿರಜದ ದವಾಖಾನೆಗೆ ರೋಗಿಗಳಾಗಿ ಬರುತ್ತಾರೆ, ಸಾಂಗಲಿಯ ಪೇಟೆಗೆ ಅರಿಸಿನದ ಚೀಲಗಳೊಡನೆ ಬರುತ್ತಾರೆ. ಕಲಾವಿದರಾಗಿ ಬರಲು ನಾವು ಅವರಿಗೆ ಕರೆಯೋಲೆ ಕಳಿಸುವದು ಅಪರೂಪ. ಉತ್ಸವಕ್ಕೆ ನಾವು ಕರೆಸುವದು ಭಾಷಣಕಾರರನ್ನು. ಈ ಮಾತನ್ನು ಭಾಷಣಕಾರನಾದ ನಾನೇ ಆಡಬೇಕಾಗಿ ಬಂದುದಕ್ಕೆ ಕ್ಷಮೆಯಿರಲಿ.

ಆದಕಾರಣ ಸಂಘದ ಮುಂದೆ ಮೂರು ವಿಜ್ಞಾಪನೆಗಳನ್ನು ಇಡುತ್ತೇನೆ. ಒಂದು: ಕನ್ನಡ ಶಾಲೆಯ ಮಕ್ಕಳನ್ನು, ಹುಡುಗಿಯರನ್ನೂ ಕೂಡಿಸಿ, ಬೇಸಿಗೆಯ ಬಿಡುವಿನಲ್ಲಿ ಒಬ್ಬ ಆಟದ ಮಾಸ್ತರನ ಕೈಗೆ ಒಪ್ಪಿಸುವದು, ಮಾಸ್ತರನಿಗೆ ಸಂಭಾವನೆಯನ್ನು ಸಂಘವು ಕೊಡುವದು. ಅರ್ಜುನನ ಒಡ್ಡೋಲಗವನ್ನು ಬಾಯಿತುಂಬ ಹೇಳಬಲ್ಲ ಮಗುವಿಗೆ ಕನ್ನಡದ ಒತ್ತಕ್ಷರಗಳನ್ನು ಬೇರೆಯಾಗಿ ಕಲಿಸಬೇಕಾಗಿಲ್ಲ. ಎರಡು: ಹಿರಿಯ ಆಟದವರ ಹಾಡನ್ನಷ್ಟೇ ಅಲ್ಲದೆ, ಅವರ ಹೆಜ್ಜೆ, ತಿರುವು, ನಿಲುವುಗಳನ್ನೂ ಪಾದದಿಂದ ತಲೆಯವರೆಗೆ ಕಾಣುವಂತೆ ಚಿತ್ರೀಕರಿಸಿ ಇಡುವದು. ಇಂದು ಪ್ರತಿಯೊಬ್ಬ ತರುಣನ ಕಿಸೆಯಲ್ಲಿಯೂ ಅದಕ್ಕೆ ಬೇಕಾದ ಸಾಧನವಿದೆ. ಆದರೆ ಚಿತ್ರವು ನೆನಪಿಗೆ ಆಸರೆಯಾದೀತೇ ಹೊರತು ಗುರುವಾಗಲಾರದೆಂಬುದನ್ನು ಮರೆಯಬಾರದು.

ಮೂರನೆಯದು ನನ್ನ ಮನಸ್ಸಿಗೆ ಎಲ್ಲಕ್ಕಿಂತ ಹತ್ತಿರವಾದುದು. ನವೆಂಬರ ೧ರಂದು ನಾವು ರಾಜ್ಯೋತ್ಸವವನ್ನು ಆಚರಿಸುತ್ತೇವೆ. ನವೆಂಬರ ೫ರಂದು ಮರಾಠಿ ಮಿತ್ರರು ರಂಗಭೂಮಿ ದಿನವನ್ನು ಆಚರಿಸುತ್ತಾರೆ. ಎರಡರ ನಡುವೆ ಇರುವದು ನಾಲ್ಕೇ ದಿನದ ಅಂತರ. ಆ ದಿನಗಳಲ್ಲೊಂದು ರಾತ್ರಿ ಕೃಷ್ಣೆಯ ದಂಡೆಯ ಬಯಲಿನಲ್ಲಿ, ಧ್ವನಿವರ್ಧಕವಿಲ್ಲದೆ, ಒಂದು ಕಡೆ ಕನ್ನಡದ ಭಾಗವತನೂ ಇನ್ನೊಂದು ಕಡೆ ಮರಾಠಿಯ ಸೂತ್ರಧಾರನೂ ನಿಂತು ಸೀತಾಸ್ವಯಂವರದ ಒಂದೇ ಕಥೆಯನ್ನು ಸರದಿಯ ಮೇಲೆ ಹಾಡಲಿ. ಜನಕನು ಕನ್ನಡದಲ್ಲಿ ಮಾತಾಡಲಿ, ರಾಮನು ಮರಾಠಿಯಲ್ಲಿ ಉತ್ತರ ಕೊಡಲಿ. ಅರ್ಥವಾಗುವದೋ ಇಲ್ಲವೋ ಎಂಬ ಸಂದೇಹ ಬೇಡ. ನೂರ ಎಂಬತ್ತು ವರ್ಷಗಳ ಹಿಂದೆಯೇ ಸಾಂಗಲಿಗೆ ಅದು ಅರ್ಥವಾಗಿತ್ತು.

ಗಡಿಯಲ್ಲಿ ಕನ್ನಡವು ಉಳಿಯಬೇಕಾದರೆ ಅದು ನಮ್ಮ ಬೇಡಿಕೆಯ ಪತ್ರಗಳಲ್ಲಿ ಇದ್ದರೆ ಸಾಲದು. ನಮ್ಮ ಮಕ್ಕಳ ಕಾಲಿನಲ್ಲಿ, ಕೊರಳಿನಲ್ಲಿ ಇರಬೇಕು. ತಾನು ಕುಣಿದು ಹಾಡಿದ ಭಾಷೆಯನ್ನು ಯಾರೂ ಸುಲಭವಾಗಿ ಮರೆಯುವದಿಲ್ಲ. ನೆರೆಯವನು ನಿಂತು ನೋಡಿ ಮೆಚ್ಚಿದ ಭಾಷೆಯನ್ನು ಅವನೂ ದ್ವೇಷಿಸಲಾರನು. ಮುಂದಿನ ವರ್ಷದ ಉತ್ಸವದಲ್ಲಿ ಭಾಷಣದ ಸ್ಥಳದಲ್ಲಿ ಮದ್ದಳೆಯ ಪೆಟ್ಟು ಕೇಳಿಬರಲೆಂದು ಹಾರೈಸಿ, ನನ್ನ ಮಾತನ್ನು ಮುಗಿಸುತ್ತೇನೆ.